ಓವರ್‌ಕ್ಲಾಕ್ ಮಾಡೋ ಪಿಸಿಗೆ ಮೊದಲು ಮದರ್‌ಬೋರ್ಡ್ ನೋಡಿ

ಗೇಮಿಂಗ್ ಪಿಸಿ ಜೋಡಿಸಿ ಓವರ್‌ಕ್ಲಾಕ್ (ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಮಾಡಬೇಕು ಅಂತಿರುವವರು ಗ್ರಾಫಿಕ್ಸ್ ಕಾರ್ಡ್ ಆರಿಸುವ ಮೊದಲು ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಒಂದಕ್ಕೊಂದು ಹೊಂದುತ್ತವಾ ನೋಡಿಕೊಳ್ಳಿ. ಪ್ರೊಸೆಸರ್ ಕೂರುವ ಸಾಕೆಟ್ ಒಂದೇ ಆದರೆ ಸಾಲದು, ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್‌ಸೆಟ್ ಕೂಡ ಒಪ್ಪಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಇರುವ ಪ್ರೊಸೆಸರ್, ಝಡ್ ಸರಣಿಯ ಬೋರ್ಡ್ ಎರಡೂ ಬೇಕು. ಕೆ ಪ್ರೊಸೆಸರನ್ನು ಬಿ ಸರಣಿಯ ಬೋರ್ಡಿಗೆ ಹಾಕಿದರೆ ಪಿಸಿ ಆನ್ ಆಗುತ್ತದೆ, ಆದರೆ ವೇಗ ನಿರ್ಧರಿಸುವ ಗುಣಕವಾದ ಮಲ್ಟಿಪ್ಲಯರ್ ಏರಿಸಲು ಬಿಡುವುದಿಲ್ಲ. ಎಎಂಡಿ ರೈಜನ್‌ಗೆ ಬಿ ಅಥವಾ ಎಕ್ಸ್ ಸರಣಿ ಸಾಕು, ಆದರೆ ಎ620 ಮತ್ತು ಬಿ840 ಬೇಡ.

ಜನ ಜಾಸ್ತಿ ಮರೆಯುವುದು ವಿಆರ್‌ಎಂ. ಸಾಕೆಟ್ ಸುತ್ತ ಸಾಲಾಗಿ ಕೂತಿರುವ ಸಣ್ಣ ಚೌಕಗಳೇ ಪ್ರೊಸೆಸರ್‌ಗೆ ಕರೆಂಟ್ ಹದಮಾಡಿ ಕೊಡುವುದು. ಕ್ಲಾಕ್ ವೇಗ ಏರಿಸಿದಂತೆ ಇವು ಬಿಸಿಯಾಗುತ್ತವೆ. ಮಿತಿ ಮೀರಿದರೆ ಪ್ರೊಸೆಸರ್ ತಾನಾಗೇ ವೇಗ ಇಳಿಸುತ್ತದೆ. ಆಮೇಲೆ ಎಷ್ಟು ದೊಡ್ಡ ಕೂಲರ್ ಹಾಕಿದ್ದರೂ ಏನು ಪ್ರಯೋಜನ, ಅಲ್ವಾ? ಅವುಗಳ ಮೇಲೆ ದಪ್ಪ ಹೀಟ್‌ಸಿಂಕ್ ಇರುವ ಬೋರ್ಡನ್ನೇ ತೆಗೆದುಕೊಳ್ಳಿ. ಬಣ್ಣದ ಲೈಟಿಗೆ ಸುರಿಯುವ ದುಡ್ಡನ್ನು ಇಲ್ಲಿ ಹಾಕಿ ಅನ್ನುವುದು ನನ್ನ ಖಡಾಖಂಡಿತ ಸಲಹೆ.

ಎಎಂಡಿಯ ಎಎಂ5 ಸಾಕೆಟ್ ಇರುವ ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಸೇರುತ್ತದೆ. ಡಿಡಿಆರ್4ರ ಕಚ್ಚು ಬೇರೆ ಕಡೆ ಇರುತ್ತದೆ, ಒತ್ತಿ ತುರುಕಬೇಡಿ. ನಾಲ್ಕು ಸ್ಟಿಕ್‌ಗಿಂತ ಎರಡೇ ಹಾಕಿದರೆ ಹೆಚ್ಚಿನ ವೇಗದಲ್ಲಿ ಸ್ಥಿರವಾಗಿರುತ್ತವೆ. ಸಾಮಾನ್ಯವಾಗಿ ಅವನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್‌ಗೆ ಹಾಕಿ.

ಪವರ್ ಸಪ್ಲೈ ವಿಷಯದಲ್ಲಿ ಜಿಪುಣತನ ಬೇಡ. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ತನ್ನ ರೇಟಿಂಗ್ ಮೀರಿ ಎಳೆಯುತ್ತದೆ, ಅದಕ್ಕೆ ವ್ಯಾಟ್ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುವರಿ ಇಟ್ಟುಕೊಳ್ಳಿ. ಕೇಸ್ ಕೊಳ್ಳುವ ಮುನ್ನ ಕೂಲರ್ ಎತ್ತರ, ಕಾರ್ಡಿನ ಉದ್ದ ಎರಡನ್ನೂ ಮಿಲಿಮೀಟರ್‌ನಲ್ಲೇ ತಾಳೆ ನೋಡಿ.