ಕಾರ್ಕ್‌ನ ಹೊಲದಲ್ಲಿ ಕುದುರೆ ಹಿಡಿದು ನಡೆದದ್ದು

ಚಿಕ್ಕವಳಿದ್ದಾಗ ಧಾರವಾಡದಲ್ಲಿ ಟಾಂಗಾ ಕುದುರೆಯ ಹಣೆ ಮುಟ್ಟಿದ್ದು ಬಿಟ್ಟರೆ ನನಗೆ ಕುದುರೆಯ ಗಂಧಗಾಳಿ ಇರಲಿಲ್ಲ. ನರ್ಸ್ ಕೆಲಸಕ್ಕೆ ಐರ್ಲೆಂಡಿಗೆ ಬಂದೆ, ಕಾರ್ಕ್ ಕೌಂಟಿಯ ಹಳ್ಳಿಯಲ್ಲಿ ಮನೆ ಸಿಕ್ಕಿತು, ಪಕ್ಕದಲ್ಲೇ ಲಾಯ. ರಜೆ ದಿನ ಬಂದು ಕೆಲಸ ಮಾಡಲಾ ಅಂತ ಒಡತಿಯನ್ನು ಕೇಳಿಯೇ ಬಿಟ್ಟೆ. ಮೂರು ತಿಂಗಳು ಬರೀ ಲದ್ದಿ ಎತ್ತಿದೆ.

ಇಲ್ಲಿ ಪಾಯಿಂಟ್ ಟು ಪಾಯಿಂಟ್ ಅಂತ ಹಳ್ಳಿ ರೇಸ್ ಇರುತ್ತದೆ, ಹೆಚ್ಚಾಗಿ ಭಾನುವಾರ. ಬೆಂಗಳೂರಿನ ಟರ್ಫ್ ಕ್ಲಬ್ ಥರ ಅಲ್ಲ. ಯಾರದೋ ಹುಲ್ಲುಗಾವಲು, ಅಲ್ಲೇ ಕುದುರೆ ಹಾರೋಕೆ ಬೇಲಿ ಕಟ್ಟಿ ಬಾವುಟ ನೆಟ್ಟರೆ ಟ್ರ್ಯಾಕ್. ಸವಾರರೆಲ್ಲ ಹವ್ಯಾಸಿಗಳು, ಓಟ ಸಾಮಾನ್ಯವಾಗಿ ಮೂರು ಮೈಲಿ. 1752ರಲ್ಲಿ ಇದೇ ಕೌಂಟಿಯಲ್ಲಿ ಬಟವಂಟ್ ಚರ್ಚಿನಿಂದ ಡೋನರೇಲ್ ಚರ್ಚಿನ ಗೋಪುರ ನೋಡಿಕೊಂಡು ಇಬ್ಬರು ಪಂದ್ಯ ಕಟ್ಟಿ ಓಡಿದ್ದರಂತೆ, ಇದರ ಬೇರು ಅಲ್ಲಿದೆ.

ಆಮೇಲೆ ಕುದುರೆ ಹಿಡಿದು ನಡೆಸೋದು ಕಲಿಸಿದರು. ಅದರ ಎಡಗಡೆ, ಭುಜದ ಪಕ್ಕ ನಡೀಬೇಕು. ಹಗ್ಗ ಕೈಗೆ ಸುತ್ತಿಕೊಳ್ಳಲೇಬಾರದು, ಬೆದರಿ ಓಡಿದರೆ ನಮ್ಮನ್ನೂ ಎಳೆದುಕೊಂಡು ಹೋಗುತ್ತೆ. ನನಗೆ ಭಯ ಇತ್ತು. ಭಯಕ್ಕೆ ಹಗ್ಗ ಬಿಗಿ ಹಿಡಿಯುತ್ತಿದ್ದೆ, ಬಿಗಿ ಹಿಡಿದಷ್ಟೂ ಆ ಕಂದು ಹೆಣ್ಣು ಕುದುರೆ ತಲೆ ಕೊಡವುತ್ತಿತ್ತು. ಕೊನೆಗೆ ಕನ್ನಡದಲ್ಲೇ ಮಾತಾಡಿಸಿದೆ, "ಸಾವಕಾಶ ನನ್ನವ್ವ, ಸಾವಕಾಶ" ಅಂತ. ಮೊದಲು ನನ್ನ ಉಸಿರು ತಹಬಂದಿಗೆ ಬಂತು, ಆಮೇಲೆ ಅದರದ್ದು.

ಏಪ್ರಿಲ್‌ನಲ್ಲಿ ನಮ್ಮೂರ ರೇಸ್. ಗೇಟಿನಲ್ಲಿ ಟಿಕೆಟ್ ಕೊಡೋರು, ಚಹಾ ಟೆಂಟಿನವರು, ಬೇಲಿ ಹತ್ತಿರ ಬಾವುಟ ಹಿಡಿದು ನಿಂತವರು, ಎಲ್ಲಿ ನೋಡಿದರೂ ಹೆಂಗಸರು. ಈ ದುಡಿಮೆ ಯಾರ ಫೋಟೋದಲ್ಲೂ ಬರಲ್ಲ, ಅದು ನನಗೆ ಬೇಜಾರು. ಆದರೆ ಓಟದಲ್ಲಿ ಹುಡುಗಿಯರೂ ಹುಡುಗರೂ ಒಟ್ಟಿಗೇ ಇಳೀತಾರೆ, ಅದು ನನಗೆ ತುಂಬಾ ಹಿಡಿಸಿತು. 2021ರಲ್ಲಿ ಇಂಗ್ಲೆಂಡಿನ ಹೆಸರಾಂತ ಬೇಲಿ ಹಾರುವ ಓಟ ಗ್ರ್ಯಾಂಡ್ ನ್ಯಾಷನಲ್ ಗೆದ್ದ ಮೊದಲ ಮಹಿಳಾ ಜಾಕಿ ರೇಚಲ್ ಬ್ಲ್ಯಾಕ್‌ಮೋರ್ ಕೂಡ ಇಂಥ ಹೊಲಗಳಲ್ಲೇ ಓಡಿಸಿ ಬೆಳೆದವರು. ನಮ್ಮ ಕುದುರೆ ಹತ್ತಿದ್ದು ಒಡತಿಯ ಮಗಳು, ವಾರವೆಲ್ಲ ಹಾಲು ಕರೆಯುವ ಹುಡುಗಿ.

ನಾಲ್ಕನೇ ಸ್ಥಾನ ಬಂತು. ವಾಪಸ್ ಬಂದಾಗ ಕುದುರೆ ಮೈಯಿಂದ ಹಬೆ ಏಳುತ್ತಿತ್ತು, ಮೂಗಿನ ಹೊಳ್ಳೆ ಕೆಂಪಗೆ ಅರಳಿದ್ದವು. ಬಕೆಟ್ ಬಕೆಟ್ ನೀರು ಸುರಿದೆ, ಪಟ್ಟಿಯಿಂದ ನೀರು ಬಳಿದು ತೆಗೆದೆ, ಏದುಸಿರು ಇಳಿಯೋ ತನಕ ಸುತ್ತು ಹಾಕಿಸಿದೆ. ಹುಡುಗಿ ಹೆಲ್ಮೆಟ್ಟೂ ತೆಗೆಯದೆ ಇನ್ನೊಂದು ಪಕ್ಕದಲ್ಲಿ ನಡೆದಳು.

ಸೋಮವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಚಹಾ ಟೆಂಟಿನ ಅಜ್ಜಿ, ಕೈಯಲ್ಲಿ ನನಗೂ ಒಂದು ಜೊತೆ ಗಮ್ ಬೂಟು. ಹೊಲದ ತುಂಬ ಗೊರಸಿನ ಗುಂಡಿಗಳಿದ್ದವು, ದನ ಬಿಡೋದರೊಳಗೆ ತುಳಿದು ಮುಚ್ಚಬೇಕಿತ್ತು.