ಮ್ಯಾಕ್ಯುಲಾ ಕ್ಷಯದ ಹಿರಿಯರ ಆರೈಕೆ: ಆಪ್ಟೋಮೆಟ್ರಿಸ್ಟ್ ಮಾಡಬೇಕಾದದ್ದೇನು

ಸಕಲೇಶಪುರ, ಬೇಲೂರು, ಮೂಡಿಗೆರೆ, ಕೊಪ್ಪದಂತಹ ಊರುಗಳಲ್ಲಿ ಕಣ್ಣು ಮಂಜಾಯಿತೆಂದು ಹೊರಟ ಹಿರಿಯರು ಸಾಮಾನ್ಯವಾಗಿ ಮೊದಲು ಬರುವುದು ಕನ್ನಡಕದ ಅಂಗಡಿಗೆ ಅಥವಾ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯ ಬಳಿಗೆ. ಹೀಗಾಗಿ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆಯ) ನಡುಭಾಗವಾದ ಮ್ಯಾಕ್ಯುಲಾ ವಯಸ್ಸಿನೊಂದಿಗೆ ಹಾಳಾಗುವ ರೋಗವನ್ನು, ಅಂದರೆ ವಯೋಸಹಜ ಮ್ಯಾಕ್ಯುಲಾ ಕ್ಷಯವನ್ನು, ಮೊದಲು ಗುರುತಿಸುವ ಹೊಣೆ ಬಹುಮಟ್ಟಿಗೆ ದೃಷ್ಟಿ ಪರೀಕ್ಷಿಸಿ ಕನ್ನಡಕ ಸೂಚಿಸುವ ಆಪ್ಟೋಮೆಟ್ರಿಸ್ಟ್‌ನದೇ ಆಗಿರುತ್ತದೆ. 'ವಯಸ್ಸಾಯಿತು, ಇನ್ನೇನು' ಎಂಬ ಮಾತಿಗೆ ತಲೆಯಾಡಿಸಿ ಹೊಸ ಕನ್ನಡಕ ಕೊಟ್ಟು ಕಳಿಸಿದರೆ, ಉಳಿಸಬಹುದಾಗಿದ್ದ ದೃಷ್ಟಿ ಕೈತಪ್ಪಿ ಹೋಗಬಹುದು.

ಎರಡು ಕಣ್ಣುಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಚೆನ್ನಾಗಿರುವ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತದೆ. ಒಂದು ಕಣ್ಣನ್ನು ಒತ್ತದೆ ಮುಚ್ಚಿಸಿ, 'ಅಜ್ಜೀ, ಆ ಬಾಗಿಲ ಚೌಕಟ್ಟು ನೆಟ್ಟಗೆ ಕಾಣುತ್ತದೆಯೇ, ನಡುವೆ ಎಲ್ಲಾದರೂ ಸೊಟ್ಟಗಿದೆಯೇ?' ಎಂದು ಕೇಳಿ. ಇನ್ನೊಂದು ಕಣ್ಣಿಗೂ ಅದನ್ನೇ ಕೇಳಿ. ಓದುವ ಕನ್ನಡಕ ಹಾಕಿಸಿ, ಆಮ್ಸ್ಲರ್ ಚೌಕಳಿಯನ್ನು (ನಡುವೆ ಚುಕ್ಕೆಯಿರುವ, ಅಡ್ಡ-ಉದ್ದ ಗೆರೆಗಳ ಹಾಳೆ) ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ನಡುವಿನ ಚುಕ್ಕೆಯನ್ನೇ ನೋಡಲು ಹೇಳಿ. ಗೆರೆಗಳು ಅಲೆಯಾಗಿವೆಯೇ, ಎಲ್ಲಿಯಾದರೂ ಅಳಿಸಿಹೋಗಿವೆಯೇ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಚೌಕಳಿ ನೆಟ್ಟಗೆ ಕಂಡ ಮಾತ್ರಕ್ಕೆ ರೋಗವಿಲ್ಲವೆಂದು ತೀರ್ಮಾನಿಸಬಾರದು.

ನಮ್ಮ ಕಡೆ ಹಿರಿಯರ ಕಣ್ಣು ಮಂಜಾದರೆ ಮನೆಯವರೆಲ್ಲ ಪೊರೆ ಎಂದೇ ಭಾವಿಸುತ್ತಾರೆ. ಪೊರೆ ಇರುವುದೂ ನಿಜವೇ. ಆದರೆ ಕಾಣುವ ಪೊರೆ ತೆಳುವಾಗಿದ್ದು ದೃಷ್ಟಿ ಮಾತ್ರ ಬಹಳ ಕುಗ್ಗಿದ್ದರೆ, ಕಣ್ಣ ಮುಂದೆ ಸಣ್ಣ ರಂಧ್ರದ ತಟ್ಟೆಯಾದ ಪಿನ್‌ಹೋಲ್ ಇಟ್ಟರೂ ಅದು ಸುಧಾರಿಸದಿದ್ದರೆ, ಮ್ಯಾಕ್ಯುಲಾವನ್ನು ನೋಡದೆ ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಕಳಿಸಬೇಡಿ. ಕಣ್ಣಿನ ಮುಂಭಾಗದ ಕೋನ ಕಿರಿದಾಗಿಲ್ಲವೆಂದು ಖಚಿತಪಡಿಸಿಕೊಂಡು ಹನಿ ಹಾಕಿ ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಭಾಗವನ್ನು ತೋರಿಸುವ 90 ಡಿ ಲೆನ್ಸ್‌ನಿಂದ ಹಳದಿ ಚುಕ್ಕೆಗಳು, ವರ್ಣದ್ರವ್ಯದ ಏರುಪೇರು, ರಕ್ತ ಅಥವಾ ನೀರು ತುಂಬಿದ ಗುರುತುಗಳಿಗಾಗಿ ಹುಡುಕಬೇಕು. ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವ ಓಸಿಟಿ ಯಂತ್ರವಿದ್ದರೆ ಆ ಪರೀಕ್ಷೆಯನ್ನೂ ಮಾಡಿಸಿ. ಹನಿ ಹಾಕಿದವರು ಅಂದು ವಾಹನ ಓಡಿಸಬಾರದು, ಘಟ್ಟದ ರಸ್ತೆಯಲ್ಲಂತೂ ಕೂಡದು; ಜೊತೆಗೊಬ್ಬರನ್ನು ಕರೆತರಲು ಮೊದಲೇ ಹೇಳಿ.

ರೋಗ ಎರಡು ಬಗೆಯದು. ಹೆಚ್ಚಿನವರಲ್ಲಿ ಕಾಣುವ ಒಣ ಬಗೆ ನಿಧಾನವಾಗಿ ವರ್ಷಗಟ್ಟಲೆ ಮುಂದುವರಿಯುತ್ತದೆ. ಅಸಹಜ ರಕ್ತನಾಳಗಳು ಬೆಳೆದು ಸೋರುವ ಒದ್ದೆ ಬಗೆ ಕೆಲವೇ ವಾರಗಳಲ್ಲಿ ಮಧ್ಯದ ದೃಷ್ಟಿಯನ್ನು ಕಸಿಯಬಲ್ಲದು. ಗೆರೆಗಳು ಇತ್ತೀಚೆಗೆ ಸೊಟ್ಟಗಾಗಿವೆ ಎಂದು ಯಾರಾದರೂ ಹೇಳಿದರೆ, ಮುಂದಿನ ತಿಂಗಳು ನೋಡೋಣವೆನ್ನದೆ, ಹಾಸನ, ಮಂಗಳೂರು, ಮೈಸೂರು ಅಥವಾ ಬೆಂಗಳೂರಿನಲ್ಲಿ ಅಕ್ಷಿಪಟಲ ತಜ್ಞರು ಎಲ್ಲಿ ಬೇಗ ಸಿಗುತ್ತಾರೆಂದು ನೀವೇ ಫೋನ್ ಮಾಡಿ ಕೇಳಿ, ಯಾವ ಕಣ್ಣು, ಎಂದಿನಿಂದ, ಈಗ ದೃಷ್ಟಿ ಎಷ್ಟು ಎಂಬುದನ್ನು ಬರೆದ ಚೀಟಿಯೊಂದಿಗೆ ಕೆಲವೇ ದಿನಗಳಲ್ಲಿ ತಲುಪುವಂತೆ ಮಾಡಿ. ಒದ್ದೆ ಬಗೆಗೆ ಕಣ್ಣೊಳಗೆ ಕೊಡುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಮೂರು ಬಾರಿ, ಆಮೇಲೆ ಅಗತ್ಯಕ್ಕೆ ತಕ್ಕಂತೆ ಮುಂದುವರಿಯುತ್ತದೆ. ಸ್ವಲ್ಪ ಕಾಣತೊಡಗಿದೊಡನೆ, ಕಾಫಿ ಕೊಯ್ಲಿನ ನಡುವೆ ಯಾರು ಕರೆದೊಯ್ಯುವುದೆಂದು ಮನೆಯವರು ಅದನ್ನು ನಿಲ್ಲಿಸದಂತೆ ನೋಡಿಕೊಳ್ಳುವುದೂ ನಿಮ್ಮ ಕೆಲಸವೇ. ಮುಂದಿನ ದಿನಾಂಕವನ್ನು ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿಟ್ಟು ಕರೆ ಮಾಡಿ. ಚುಚ್ಚುಮದ್ದಿನ ಬಳಿಕ ನೋವು ಹೆಚ್ಚಿ, ಕಣ್ಣು ಕೆಂಪಾಗಿ, ದೃಷ್ಟಿ ಇಳಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಬೀಡಿ, ಸಿಗರೇಟು ಬಿಡಿಸುವುದು ಎರಡೂ ಬಗೆಗೆ ಅತ್ಯಗತ್ಯ. ಪೋಷಕಾಂಶದ ಮಾತ್ರೆಗಳ ವಿಷಯದಲ್ಲಿ ಎಚ್ಚರವಿರಲಿ: 2013ರಲ್ಲಿ ಪ್ರಕಟವಾದ ಏರೆಡ್ಸ್ 2 ಎಂಬ, ಈ ರೋಗಕ್ಕೆ ಪೋಷಕಾಂಶಗಳ ಪರಿಣಾಮವನ್ನು ಪರೀಕ್ಷಿಸಿದ ಅಧ್ಯಯನದ ಮಾತ್ರೆ-ಸೂತ್ರ ರೋಗ ಮಧ್ಯಮ ಹಂತದಲ್ಲಿರುವವರಿಗೆ, ಅಥವಾ ಒಂದು ಕಣ್ಣಿನಲ್ಲಿ ತೀವ್ರವಾಗಿರುವವರಿಗೆ ಮಾತ್ರ ಉಪಯುಕ್ತ, ಹೋದ ದೃಷ್ಟಿಯನ್ನು ಅದು ತರುವುದಿಲ್ಲ. ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಇರುವ ಮಾತ್ರೆ ಕೊಡಬಾರದು.

ದೃಷ್ಟಿ ಕುಗ್ಗಿದವರಿಗೆ ಇನ್ನೇನೂ ಮಾಡಲಾಗದು ಎಂದು ಹೇಳುವ ಹಕ್ಕು ನಮಗಿಲ್ಲ. ಕರೆಂಟ್ ಬಿಲ್ಲನ್ನೋ ಮಾತ್ರೆಯ ಹಾಳೆಯನ್ನೋ ಅವರಿಂದಲೇ ತರಿಸಿ, ಸ್ಟ್ಯಾಂಡ್ ಇರುವ ಭೂತಗನ್ನಡಿಯನ್ನು ಅದರ ಮೇಲಿಟ್ಟು, ದೀಪವನ್ನು ಹಾಳೆಯ ಹತ್ತಿರಕ್ಕೆ ತಂದು ಓದಿಸಿ ನೋಡಿ. ನಡುವೆ ಮಸುಕಾದ ಜಾಗವನ್ನು ಬಿಟ್ಟು ಅದರ ಬದಿಯಿಂದ ನೋಡುವ ಅಭ್ಯಾಸಕ್ಕೆ ಒಂದೆರಡು ಭೇಟಿ ಸಾಲದು, ತಾಳ್ಮೆಯಿಂದ ಕಲಿಸಿ. ಚೆನ್ನಾಗಿರುವ ಕಣ್ಣಿನ ದೃಷ್ಟಿ ಕನ್ನಡಕದೊಂದಿಗೂ 6/18ಕ್ಕಿಂತ (ಸಾಮಾನ್ಯ ದೃಷ್ಟಿಯವರು 18 ಮೀಟರ್‌ನಿಂದ ಓದುವುದನ್ನು 6 ಮೀಟರ್‌ನಿಂದ ಓದುವ ಮಟ್ಟ) ಕಡಿಮೆಯಾದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವ ದಾರಿ ತೋರಿಸಿ.

ಮತ್ತೊಂದು ವಿಷಯವನ್ನು ಕೇಳದೆ ಬಿಡಬೇಡಿ. ದೃಷ್ಟಿ ಕುಂದಿದ ಕೆಲವರಿಗೆ ಇಲ್ಲದ ಜನ, ಹೂವು, ಮಕ್ಕಳು ಕಣ್ಮುಂದೆ ಕಾಣುತ್ತಾರೆ. ಇದನ್ನು ಚಾರ್ಲ್ಸ್ ಬೊನೆ ಸಿಂಡ್ರೋಮ್ ಎನ್ನುತ್ತಾರೆ. ದೆವ್ವ ಮೆಟ್ಟಿದೆ ಎಂದಾರೆಂಬ ಹೆದರಿಕೆಯಿಂದ ಹಿರಿಯರು ಇದನ್ನು ಮನೆಯಲ್ಲಿ ಹೇಳುವುದಿಲ್ಲ. ಮಗನೋ ಸೊಸೆಯೋ ಜೊತೆಗಿರುವಾಗಲೇ, ಇದು ಹುಚ್ಚಲ್ಲ, ಕಣ್ಣಿನಿಂದ ಸಂದೇಶ ಕಡಿಮೆಯಾದಾಗ ಮಿದುಳು ತಾನೇ ಕಟ್ಟುವ ಚಿತ್ರ ಎಂದು ವಿವರಿಸಿ. ಆದರೆ ಜೊತೆಗೆ ದನಿಗಳು ಕೇಳಿಸುತ್ತಿದ್ದರೆ ಅಥವಾ ಗೊಂದಲ, ಮರೆವು ಇದ್ದರೆ ವೈದ್ಯರ ಬಳಿಗೆ ಕಳಿಸಿ.