ಮಾರ್ಕ್ಸ್ ಕಾರ್ಡ್ ನೋಡಿ ನಾನೇ ಬೇಸ್ತು ಬಿದ್ದೆ

ತುಮಕೂರಿನ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ನನ್ನದು ಎಚ್‌ಆರ್ ಕೆಲಸ. ಸೇರಿದ ಹೊಸದರಲ್ಲಿ ಕೆಲಸಕ್ಕೆ ಬಂದವರ ಸರ್ಟಿಫಿಕೇಟುಗಳ ಒರಿಜಿನಲ್ ನೋಡುತ್ತಿದ್ದೆ, ಜೆರಾಕ್ಸ್ ಇಟ್ಟುಕೊಳ್ಳುತ್ತಿದ್ದೆ, ಅಷ್ಟೇ. ಸೀಲು, ಹೊಲೊಗ್ರಾಮ್ ಕಂಡರೆ ಸಾಕಿತ್ತು.

ಆಗ ಸ್ಟೋರ್ಸ್ ಕೆಲಸಕ್ಕೆ ಒಬ್ಬರು ಬಂದರು. 2002ರ ಬಿ.ಕಾಂ. ಓದಿದ್ದು ತುಮಕೂರಿನಲ್ಲೇ, ಸರ್ಟಿಫಿಕೇಟ್ ಮೇಲೆ ಮಾತ್ರ ಬೆಂಗಳೂರು ವಿಶ್ವವಿದ್ಯಾಲಯ. ನಾನು ಹಾಸನದವನು. ಇದೇನೋ ಎಡವಟ್ಟು ಅಂತ ಫೈಲ್ ಪಕ್ಕಕ್ಕಿಟ್ಟೆ. ಅಕೌಂಟ್ಸ್ ಮೇಡಂ ನೋಡಿ ನಕ್ಕರು. "ಸಾರ್, ತುಮಕೂರು ಯೂನಿವರ್ಸಿಟಿ ಶುರುವಾಗಿದ್ದೇ 2004ರಲ್ಲಿ. ಅದಕ್ಕೆ ಮುಂಚೆ ನಾವೆಲ್ಲ ಬೆಂಗಳೂರಿಗೇ ಸೇರಿದವರು." ಆ ಬಿ.ಕಾಂ. ಅಭ್ಯರ್ಥಿ ಈಗಲೂ ನಮ್ಮ ಸ್ಟೋರ್ಸ್‌ನಲ್ಲೇ ಇದ್ದಾರೆ. ನಾನು ಅನುಮಾನಪಟ್ಟಿದ್ದು ಅವರಿಗೆ ಗೊತ್ತಿಲ್ಲ, ಪುಣ್ಯ.

ಈಗ ಮೊದಲು ಸರ್ಟಿಫಿಕೇಟ್ ಪರಿಶೀಲನೆಗೆ ಅಭ್ಯರ್ಥಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇನೆ. ಹೆಸರು, ಹುಟ್ಟಿದ ದಿನ ಎಸ್ಸೆಸ್ಸೆಲ್ಸಿ ಕಾರ್ಡಿನ ಪ್ರಕಾರವೇ. ಇನಿಷಿಯಲ್ ಹಿಂದೆಮುಂದೆ ಆಗಿರುವುದು ಮಾಮೂಲು, ಅದಕ್ಕೆ ಗಾಬರಿಯಾಗಬೇಕಿಲ್ಲ. ಇತ್ತೀಚಿನವರಾದರೆ ಅವರ ಫೋನಿನಲ್ಲೇ ನನ್ನೆದುರು ಡಿಜಿಲಾಕರ್ (ಸರ್ಟಿಫಿಕೇಟ್ ಸಿಗುವ ಸರ್ಕಾರಿ ಆ್ಯಪ್) ತೆಗೆಸುತ್ತೇನೆ. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಒಪ್ಪುವುದಿಲ್ಲ. ಹಳೆಯ ಡಿಗ್ರಿಯಾದರೆ ವಿಶ್ವವಿದ್ಯಾಲಯದ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಪ್ರತಿ ಕಳಿಸಿ, ಶುಲ್ಕ ಕಟ್ಟಿ, ಕಾಯಬೇಕು. ವಿಳಾಸ, ಇಮೇಲ್ ಅವರ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳುತ್ತೇನೆ. ಅಭ್ಯರ್ಥಿ ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಆ ಕಡೆ ಅವನ ಭಾವಮೈದುನನೂ ಎತ್ತಬಹುದು, ಅಲ್ವಾ?

ಒಂದು ಟಿಸಿ ಮಾತ್ರ ಮರೆಯಲ್ಲ. ತುಮಕೂರಿನ ಕಾಲೇಜು, 2009ರ ತಾರೀಕು. ಎಲ್ಲ ನೀಟಾಗಿತ್ತು. ಆದರೆ ಇಂಗ್ಲಿಷ್‌ನಲ್ಲಿ ಊರಿನ ಹೆಸರು ಈಗಿನ ಸ್ಪೆಲ್ಲಿಂಗ್‌ನಲ್ಲಿತ್ತು. ಆಗೆಲ್ಲ ಟುಮ್ಕೂರ್ ಅಂತಲೇ ಬರೆಯುತ್ತಿದ್ದರು. ಸರ್ಕಾರ ಅದನ್ನು ಬದಲಿಸಿದ್ದು 2014ರ ನವೆಂಬರ್ 1ಕ್ಕೆ. ಆಮೇಲೆ ತೆಗೆಸಿದ ಡೂಪ್ಲಿಕೇಟ್ ಇದ್ದರೂ ಇರಬಹುದು ಅಂತ ಸುಮ್ನೆ ರಿಜೆಕ್ಟ್ ಮಾಡಲಿಲ್ಲ. ಕಾಲೇಜಿಗೇ ಹೋದೆ. ಗುಮಾಸ್ತರು ಬೀರುವಿನಿಂದ ದಪ್ಪ ಅಡ್ಮಿಷನ್ ರಿಜಿಸ್ಟರ್ ಇಳಿಸಿ, ಧೂಳು ಕೊಡವಿ, ಬೆರಳಿಟ್ಟು ತೋರಿಸಿದರು. ಆ ನಂಬರಿನ ಮುಂದೆ ಯಾವುದೋ ಹುಡುಗಿಯ ಹೆಸರಿತ್ತು.

ಆಸಾಮಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಏಜೆಂಟ್ ಮಾಡಿಸಿಕೊಟ್ಟಿದ್ದು ಸಾರ್, ಡಿಗ್ರಿ ಇಲ್ಲದೆ ತಗೊಳ್ಳಲ್ಲ ಅಂದ್ರು" ಅಂದ. ಪಿಯುಸಿ ಅವನು ನಿಜವಾಗಿಯೂ ಪಾಸಾಗಿದ್ದ. ಆ ಕೆಲಸಕ್ಕೆ ನಾವು ಕೇಳಿದ್ದೂ ಪಿಯುಸಿಯೇ.